ಕುರ್ಚಿ ತಂದ ಪರಿಚಯ ಯಾರ ಸೊತ್ತು?

ಅಮೆರಿಕದ ಸೇನೆಯಲ್ಲಿ ರಾಜಕೀಯ-ಸೈನಿಕ ವ್ಯವಹಾರಗಳ ವಿಭಾಗದಲ್ಲಿ ದುಡಿದ ಅಧಿಕಾರಿ ಸಮವಸ್ತ್ರ ಕಳಚುವ ವರ್ಷ ಬಂದರೆ ಅವನಿಗೆ ಸಿಗುವ ಬುದ್ಧಿಮಾತು ಬಹುಮಟ್ಟಿಗೆ ಒಂದೇ. ಯಾವ ಮಂತ್ರಾಲಯದಲ್ಲಿ ಯಾರನ್ನು ಬಲ್ಲೆ, ಯಾವ ದೇಶದ ಯಾವ ಜನರಲ್ ನಿನ್ನ ಫೋನು ಎತ್ತುತ್ತಾನೆ, ನಿನ್ನ ಸೆಕ್ಯುರಿಟಿ ಕ್ಲಿಯರೆನ್ಸ್ ಇನ್ನೂ ಎಷ್ಟು ದಿನ ಊರ್ಜಿತವಾಗಿರುತ್ತದೆ, ಇವೇ ನಿನ್ನ ಬಂಡವಾಳ. ತಣ್ಣಗಾಗುವ ಮೊದಲು ಮಾರಿಕೋ. ಮಾತು ಇಷ್ಟು ನೇರವಾಗಿ ಬರುವುದಿಲ್ಲ ನಿಜ. ನೆಟ್‌ವರ್ಕ್, ಅನುಭವ, ವೃತ್ತಿ ಬದಲಾವಣೆ ಎಂಬ ಗೌರವದ ಪದಗಳಲ್ಲಿ ಬರುತ್ತದೆ. ನಿವೃತ್ತರು ಕಿರಿಯರಿಗೆ ಇದನ್ನೇ ಹೇಳುತ್ತಾರೆ, ಕಂಪನಿಗಳು ಇದನ್ನೇ ಹುಡುಕುತ್ತವೆ, ಇದರಲ್ಲಿ ತಪ್ಪೇನಿದೆ ಎಂದು ಬಹುಪಾಲು ಜನ ಕೇಳುತ್ತಾರೆ. ತಪ್ಪಿದೆ, ಮೂಲದಲ್ಲೇ ಇದೆ ಎಂಬುದು ನನ್ನ ವಾದ. ಆ ಅಧಿಕಾರಿ ಕಲಿತದ್ದೆಲ್ಲ ಅವನದು. ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಲಿ. ಆದರೆ ಅವನಿಗೆ ತೆರೆದ ಬಾಗಿಲುಗಳು ಅವನವಲ್ಲ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ ಮಾರಾಟಕ್ಕಿಡುವ ಪದ್ಧತಿ ಅವನ ದೇಶಕ್ಕೂ ಕೆಡುಕು, ಅವನು ಕೆಲಸ ಮಾಡಿದ ದೇಶಕ್ಕೂ ಕೆಡುಕು, ಕೊನೆಗೆ ಅವನಿಗೂ ಒಳಿತಲ್ಲ.

ಈ ಕೆಲಸ ಎಂಥದ್ದು ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ವಾದದ ಅರ್ಧ ಭಾಗ ಅಲ್ಲೇ ಇದೆ. ಅಮೆರಿಕದ ಸೇನೆಯಲ್ಲಿ ಫಾರಿನ್ ಏರಿಯಾ ಆಫೀಸರ್ ಎಂಬ ಒಂದು ವರ್ಗವಿದೆ. ಕಾಲಾಳು ಪಡೆಯಲ್ಲೋ ಫಿರಂಗಿ ದಳದಲ್ಲೋ ಕೆಲವು ವರ್ಷ ಕಳೆದವರನ್ನು ಆಯ್ದು, ಒಂದು ಭೂಭಾಗಕ್ಕೆ ಮೀಸಲಿಟ್ಟು, ಭಾಷೆ ಕಲಿಸಿ, ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಓದಿಸಿ, ಆ ಪ್ರದೇಶದಲ್ಲಿ ಸುತ್ತಾಡಿ ತಿಳಿಯಲು ಸಮಯ ಕೊಡುತ್ತಾರೆ. ಭಾಷಾ ಶಿಕ್ಷಣ ನಡೆಯುವುದು ಮುಖ್ಯವಾಗಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ಡಿಫೆನ್ಸ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್‌ನಲ್ಲಿ. ಪರ್ಲ್ ಹಾರ್ಬರ್ ದಾಳಿಗೆ ತಿಂಗಳೊಂದು ಮುಂಚೆ, 1941ರ ನವೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಪಾನಿ ಕಲಿಸಲು ಗುಟ್ಟಾಗಿ ತೆರೆದ ಶಾಲೆಯೇ ಇದರ ಮೂಲ. ಇಂದು ಅಲ್ಲಿ ಅರಬ್ಬಿ, ಚೀನಿ, ಕೊರಿಯನ್, ಜಪಾನಿ ಭಾಷೆಗಳ ಒಂದೊಂದು ಕೋರ್ಸಿಗೆ 64 ವಾರ ಹಿಡಿಯುತ್ತದೆ. ಅಷ್ಟು ದಿನವೂ ವಿದ್ಯಾರ್ಥಿಗೆ ಪೂರ್ತಿ ಸಂಬಳ. ಇಷ್ಟೆಲ್ಲ ತಯಾರಿಯ ಬಳಿಕ ಅವನು ಯಾವುದೋ ರಾಜಧಾನಿಯ ರಾಯಭಾರ ಕಚೇರಿಗೆ ಹೋಗುತ್ತಾನೆ. ಅಲ್ಲಿ ಸೈನಿಕ ಅಟಾಶೆಯಾಗಿ ಆ ದೇಶದ ಸೇನೆಯ ಒಲವು-ಚಲನೆ ಗಮನಿಸಿ ವರದಿ ಬರೆಯಬಹುದು, ಇಲ್ಲವೇ ಭದ್ರತಾ ಸಹಕಾರ ಕಚೇರಿಯಲ್ಲಿ ಕುಳಿತು ಶಸ್ತ್ರಾಸ್ತ್ರ ಮಾರಾಟ, ತರಬೇತಿ, ಜಂಟಿ ಕವಾಯತುಗಳ ಕಡತ ನೋಡಬಹುದು. ಮತ್ತೊಂದು ಬಗೆಯವನು ಪೆಂಟಗನ್‌ನಲ್ಲಿದ್ದುಕೊಂಡು ವಿದೇಶಾಂಗ ಇಲಾಖೆಯ ರಾಜಕೀಯ-ಸೈನಿಕ ವ್ಯವಹಾರಗಳ ಬ್ಯೂರೊ ಜತೆ ಒಪ್ಪಂದಗಳ ಕರಡು ತಿದ್ದುತ್ತಾನೆ. ಎಲ್ಲ ಕಡೆಯೂ ಕೆಲಸದ ಜೀವಾಳ ಒಂದೇ. ಪರದೇಶದ ಅಧಿಕಾರಿಗಳ ವಿಶ್ವಾಸ ಗಳಿಸಬೇಕು, ಅದನ್ನು ತನ್ನ ಸರ್ಕಾರದ ಪರವಾಗಿ ಕಾಪಾಡಬೇಕು.

ಆ ವಿಶ್ವಾಸ ಗಳಿಸಿದವರು ಯಾರು? ವ್ಯಕ್ತಿಯೇ ಎನ್ನುತ್ತದೆ ಪ್ರಚಲಿತ ಅಭಿಪ್ರಾಯ. ಅವನ ನಗುಮುಖ, ಅವನ ಭಾಷೆ, ಅವನು ರಾತ್ರಿಯೂಟಕ್ಕೆ ಕರೆದ ಅತಿಥಿಗಳು. ಇದರಲ್ಲಿ ಸ್ವಲ್ಪ ಸತ್ಯವಿದೆ. ಒರಟನಿಗೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಆದರೆ ಅದೇ ನಗುಮುಖದ, ಅದೇ ಭಾಷೆ ಬಲ್ಲ ಪ್ರವಾಸಿಯೊಬ್ಬ ಆ ಮಂತ್ರಾಲಯದ ಗೇಟಿಗೆ ಹೋದರೆ ಕಾವಲುಗಾರ ಒಳಗೆ ಬಿಡುವುದಿಲ್ಲ. ಅಟಾಶೆಯ ಅವಧಿ ಮುಗಿದು ಹೊಸಬ ಬಂದ ವಾರದಲ್ಲೇ ಅದೇ ಜನರಲ್ ಹೊಸಬನಿಗೂ ಕಾಫಿ ಕೊಡುತ್ತಾನೆ. ಕಾಫಿ ಕೊಟ್ಟದ್ದು ಆ ಕುರ್ಚಿಯ ಹಿಂದಿರುವ ದೇಶಕ್ಕೆ. ಅಂತರರಾಷ್ಟ್ರೀಯ ಕಾನೂನು ಇದನ್ನು ಎಂದೋ ಗುರುತಿಸಿದೆ. 1961ರ ವಿಯೆನ್ನಾ ರಾಜತಾಂತ್ರಿಕ ಒಪ್ಪಂದದ 42ನೇ ವಿಧಿಯ ಪ್ರಕಾರ ರಾಜತಾಂತ್ರಿಕ ಪ್ರತಿನಿಧಿ ತಾನಿರುವ ದೇಶದಲ್ಲಿ ಸ್ವಂತ ಲಾಭಕ್ಕಾಗಿ ಯಾವ ವೃತ್ತಿಯನ್ನೂ ವ್ಯಾಪಾರವನ್ನೂ ನಡೆಸುವಂತಿಲ್ಲ. ಅವನಿಗೆ ಕೊಡುವ ರಕ್ಷಣೆ, ವಿನಾಯಿತಿ, ಪ್ರವೇಶ ಎಲ್ಲವೂ ಅವನು ಲಾಭದ ಲೆಕ್ಕ ಹಾಕುವುದಿಲ್ಲ ಎಂಬ ಭರವಸೆಯ ಮೇಲೆ ನಿಂತಿವೆ. ಅವಧಿ ಮುಗಿದೊಡನೆ ಅದೇ ಪ್ರವೇಶಕ್ಕೆ ಬೆಲೆ ಕಟ್ಟಿದರೆ, ಆ ವ್ಯಾಪಾರ ಅವಧಿಯುದ್ದಕ್ಕೂ ನಡೆದೇ ಇತ್ತು, ಹಣ ಮಾತ್ರ ತಡವಾಗಿ ಬಂತು ಎಂದಾಗುತ್ತದೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತು ವರ್ಷ ದುಡಿದವನು ನಿವೃತ್ತನಾದ ಮರುವಾರವೇ ಕಚೇರಿ ಎದುರಿನ ಅಂಗಡಿಯಲ್ಲಿ ಕುಳಿತು, ಒಳಗಿನವರೆಲ್ಲ ನನ್ನ ಮಾತು ಕೇಳುತ್ತಾರೆ, ನಿಮ್ಮ ಖಾತೆ ಬದಲಾವಣೆ ನಾನು ಮಾಡಿಸಿಕೊಡುತ್ತೇನೆ ಎಂದರೆ ಅವನನ್ನು ಊರು ದಲ್ಲಾಳಿ ಎಂದು ಕರೆಯುತ್ತದೆ. ಅವನಿಗೆ ಅನುಭವ ಇದೆ ಎಂದು ಯಾರೂ ಹೊಗಳುವುದಿಲ್ಲ. ಮಾರಾಟವಾಗುವುದು ಯುದ್ಧ ವಿಮಾನವಾದಾಗ ಆ ವಿವೇಕ ಕರಗಬೇಕಾದ ಕಾರಣವೇನು?

ಇದು ಬರಿಯ ನೀತಿಸೂಕ್ಷ್ಮದ ಮಾತಲ್ಲ, ಇದರ ಹಿಂದೆ ಅಗಾಧ ಹಣವಿದೆ. 2023ರ ಹಣಕಾಸು ವರ್ಷದಲ್ಲಿ ಅಮೆರಿಕ ಸರ್ಕಾರ ತಾನೇ ಮುಂದೆ ನಿಂತು ನಡೆಸಿದ ವಿದೇಶಿ ಸೈನಿಕ ಮಾರಾಟದ ಮೊತ್ತ 80.9 ಶತಕೋಟಿ ಡಾಲರ್. ಕಂಪನಿಗಳು ನೇರವಾಗಿ ಮಾರಲು ಪಡೆದ ಪರವಾನಗಿಗಳ ಮೊತ್ತ ಇದಕ್ಕೆ ಹೊರತಾದದ್ದು, ಇದಕ್ಕಿಂತ ದೊಡ್ಡದು. ಈ ಹೊಳೆಯ ದಡದಲ್ಲಿ ಕುಳಿತವರು ಯಾರೆಂಬುದಕ್ಕೂ ದಾಖಲೆಗಳಿವೆ. ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2021ರಲ್ಲಿ ಹೊರತಂದ ವರದಿಯಂತೆ, 2019ರಲ್ಲಿ ದೇಶದ 14 ದೊಡ್ಡ ರಕ್ಷಣಾ ಗುತ್ತಿಗೆದಾರ ಕಂಪನಿಗಳಲ್ಲಿ ರಕ್ಷಣಾ ಇಲಾಖೆಯಿಂದ ಹೋದ ಹಿರಿಯ ಅಧಿಕಾರಿಗಳು ಮತ್ತು ಖರೀದಿ ವಿಭಾಗದವರು 1,700ಕ್ಕೂ ಹೆಚ್ಚು ಮಂದಿ ಇದ್ದರು. ವಿದೇಶಿ ಸರ್ಕಾರಗಳ ಸಂಬಳಕ್ಕೆ ಹೋದವರ ಕಥೆ ಇನ್ನೂ ಬೇರೆ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮಾಹಿತಿ ಹಕ್ಕಿನ ಕಾನೂನಿನಡಿ ನ್ಯಾಯಾಲಯಕ್ಕೆ ಹೋಗಿ ದಾಖಲೆಗಳನ್ನು ಹೊರತೆಗೆಸಿ 2022ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಸರಣಿಯಿಂದ ತಿಳಿದದ್ದು: 2015ರಿಂದೀಚೆಗೆ 500ಕ್ಕೂ ಹೆಚ್ಚು ನಿವೃತ್ತ ಸೈನಿಕ ಸಿಬ್ಬಂದಿ ಪರದೇಶದ ಸರ್ಕಾರಗಳ ಕೆಲಸ ಹಿಡಿದಿದ್ದರು, ಅವರಲ್ಲಿ ನಿವೃತ್ತ ಜನರಲ್ ಮತ್ತು ಅಡ್ಮಿರಲ್ ದರ್ಜೆಯ 15 ಜನ 2016ರ ನಂತರ ಸೌದಿ ಅರೇಬಿಯಾದ ರಕ್ಷಣಾ ಮಂತ್ರಾಲಯಕ್ಕೆ ಸಂಬಳದ ಸಲಹೆಗಾರರಾಗಿದ್ದರು. ಸೌದಿ ಏಜೆಂಟರ ಕೈಯಲ್ಲಿ ಪತ್ರಕರ್ತ ಜಮಾಲ್ ಖಶೋಗಿಯ ಕೊಲೆ ನಡೆದ 2018 ಈ ಅವಧಿಯೊಳಗೇ ಬರುತ್ತದೆ. ಇವರೆಲ್ಲರೂ ರಾಜಕೀಯ-ಸೈನಿಕ ವಿಭಾಗದವರೇ ಅಲ್ಲ. ಆದರೆ ಪರಿಚಯವೇ ಕಸುಬಾಗಿರುವ ವಿಭಾಗಕ್ಕೆ ಈ ಪೇಟೆಯ ಸೆಳೆತ ಉಳಿದೆಲ್ಲರಿಗಿಂತ ಹತ್ತಿರ.

ಬಿಟ್ಟ ಮೇಲೆ ಏನು ಮಾಡಿದರೇನು, ಸೇವೆಯಲ್ಲಿದ್ದಾಗ ನಿಷ್ಠೆಯಿಂದ ಇದ್ದನಲ್ಲ ಎನ್ನುವವರಿದ್ದಾರೆ. ಈ ವಾದದ ದೋಷವೆಂದರೆ ಕಾಲವನ್ನು ಅದು ಒಂದೇ ದಿಕ್ಕಿನಲ್ಲಿ ಓದುತ್ತದೆ. ನಾಳೆಯ ಕೆಲಸದ ನಿರೀಕ್ಷೆ ಇಂದಿನ ತೀರ್ಮಾನದ ಮೇಲೆ ನೆರಳು ಬೀಳಿಸುತ್ತದೆ, ಅದಕ್ಕೆ ಲಂಚ ಬೇಕಿಲ್ಲ. ಭದ್ರತಾ ಸಹಕಾರ ಕಚೇರಿಯ ಅಧಿಕಾರಿಯ ಕರ್ತವ್ಯಗಳಲ್ಲಿ ಒಂದು, ಮಾರಿದ ಆಯುಧ ಒಪ್ಪಿದ ಉದ್ದೇಶಕ್ಕೇ ಬಳಕೆಯಾಗುತ್ತಿದೆಯೇ ಎಂದು ನೋಡುವುದು. ಅಂದರೆ ಕೊಳ್ಳುವವನಿಗೂ ಮಾರುವ ಕಂಪನಿಗೂ ಹಿಡಿಸದ ಪ್ರಶ್ನೆ ಕೇಳುವುದು. ಎರಡು ವರ್ಷದಲ್ಲಿ ನಿವೃತ್ತನಾಗಲಿರುವ, ಮಕ್ಕಳ ಕಾಲೇಜು ಶುಲ್ಕದ ಚಿಂತೆಯಿರುವ ಲೆಫ್ಟಿನೆಂಟ್ ಕರ್ನಲ್‌ಗೆ, ಎದುರು ಕುಳಿತವರಲ್ಲೇ ನಿನ್ನ ಮುಂದಿನ ಯಜಮಾನನಿದ್ದಾನೆ ಎಂದು ಎಲ್ಲರೂ ಕಿವಿಯಲ್ಲಿ ಹೇಳುತ್ತಿದ್ದರೆ, ಆ ಪ್ರಶ್ನೆಯ ಮೊನೆ ಎಷ್ಟು ಹರಿತವಾಗಿ ಉಳಿದೀತು? ಯೆಮನ್ ಯುದ್ಧ ಈ ಪ್ರಶ್ನೆಯನ್ನು ಬರಿಯ ತರ್ಕವಾಗಿ ಉಳಿಸಿಲ್ಲ. 2015ರಿಂದ 2021ರವರೆಗೆ ಅಮೆರಿಕದ ರಕ್ಷಣಾ ಇಲಾಖೆ ಆ ಯುದ್ಧದಲ್ಲಿ ತೊಡಗಿದ್ದ ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ನಿರ್ವಹಿಸಿದ ಸೈನಿಕ ನೆರವು ಕಡಿಮೆಯೆಂದರೂ 54.6 ಶತಕೋಟಿ ಡಾಲರ್. ಈ ಆಯುಧಗಳು ಯೆಮನ್ನಿನ ನಾಗರಿಕರಿಗೆ ಎಷ್ಟು ಹಾನಿ ಮಾಡಿದವು ಎಂಬುದನ್ನು ರಕ್ಷಣಾ ಇಲಾಖೆಯಾಗಲಿ ವಿದೇಶಾಂಗ ಇಲಾಖೆಯಾಗಲಿ ಪೂರ್ತಿ ಅಳೆದಿಲ್ಲ ಎಂದು ಜಿಎಒ 2022ರಲ್ಲಿ ಹೇಳಿತು. ಆ ಮೌನಕ್ಕೆ ನಿವೃತ್ತಿಯ ನಂತರದ ನೌಕರಿಗಳೇ ಕಾರಣ ಎಂದು ನಾನು ಹೇಳುವುದಿಲ್ಲ. ಅದಕ್ಕೆ ರಾಜಕೀಯ ಕಾರಣಗಳು ಹತ್ತಾರಿವೆ. ಕೇಳಬೇಕಾದವನಿಗೆ ಕೇಳದಿರುವುದರಲ್ಲೇ ಲಾಭ ಕಾಣುವಂಥ ಏರ್ಪಾಡನ್ನು ಮಾತ್ರ ಯಾವ ದೇಶವೂ ತಿಳಿದೂ ತಿಳಿದೂ ಇಟ್ಟುಕೊಳ್ಳಬಾರದು. ನೆರಳು ದಟ್ಟವಾದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಡ್ಮಿರಲ್ ರಾಬರ್ಟ್ ಬರ್ಕ್ ಪ್ರಕರಣವಿದೆ. ಯುರೋಪ್ ಮತ್ತು ಆಫ್ರಿಕಾದಲ್ಲಿನ ಅಮೆರಿಕದ ನೌಕಾಪಡೆಗಳ ದಂಡನಾಯಕನಾಗಿದ್ದ ಈ ನಾಲ್ಕು ನಕ್ಷತ್ರದ ಅಧಿಕಾರಿ ಕಂಪನಿಯೊಂದಕ್ಕೆ ತರಬೇತಿಯ ಗುತ್ತಿಗೆ ಕೊಡಿಸಿ, ಪ್ರತಿಯಾಗಿ ವರ್ಷಕ್ಕೆ 5 ಲಕ್ಷ ಡಾಲರ್ ಸಂಬಳದ ಹುದ್ದೆ ಪಡೆದ ಆರೋಪದಲ್ಲಿ 2025ರ ಮೇ ತಿಂಗಳಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು.

ಬರ್ಕ್ ಸಿಕ್ಕಿಬಿದ್ದರಲ್ಲ, ಕಾನೂನು ಇದೆಯಲ್ಲ ಎಂಬುದು ಮುಂದಿನ ಆಕ್ಷೇಪ. ಕಾನೂನು ಇದೆ, ಆದರೆ ಅದರ ಬಲೆಯ ಕಣ್ಣುಗಳು ಎಲ್ಲಿ ಅಗಲವಾಗಿವೆ ನೋಡಿ. ಹಿರಿಯ ಅಧಿಕಾರಿ ತಾನು ಬಿಟ್ಟ ಇಲಾಖೆಯನ್ನು ಒಂದು ವರ್ಷ ಯಾರ ಪರವಾಗಿಯೂ ಸಂಪರ್ಕಿಸಬಾರದು ಎಂಬ ಕ್ರಿಮಿನಲ್ ಕಾನೂನಿನ ನಿಯಮ ಹಿಡಿಯುವುದು ಬ್ರಿಗೇಡಿಯರ್ ಜನರಲ್ ಮತ್ತು ಅದಕ್ಕಿಂತ ಮೇಲಿನವರನ್ನು. 2017ರ ಕೊನೆಗೆ ಕಾಯ್ದೆಯಾದ ರಕ್ಷಣಾ ಅಧಿಕಾರ ಮಸೂದೆಯ 1045ನೇ ಸೆಕ್ಷನ್ ಇನ್ನೂ ಬಿಗಿಯಾದದ್ದು. ಅದು ಮೂರು-ನಾಲ್ಕು ನಕ್ಷತ್ರದವರಿಗೆ ಎರಡು ವರ್ಷ, ಒಂದೆರಡು ನಕ್ಷತ್ರದವರಿಗೆ ಒಂದು ವರ್ಷ ಲಾಬಿ ನಿಷೇಧಿಸಿತು. ಆದರೆ ಅಟಾಶೆಗಳಲ್ಲಿ, ಭದ್ರತಾ ಸಹಕಾರದವರಲ್ಲಿ ಬಹುಪಾಲು ಮಂದಿ ನಕ್ಷತ್ರ ಕಾಣದ ಲೆಫ್ಟಿನೆಂಟ್ ಕರ್ನಲ್‌ಗಳು ಮತ್ತು ಕರ್ನಲ್‌ಗಳು. ಇವೆರಡು ನಿಯಮಗಳೂ ಅವರನ್ನು ಮುಟ್ಟುವುದಿಲ್ಲ. ತಾನು ಸ್ವತಃ ಕೈಯಾಡಿಸಿದ ನಿರ್ದಿಷ್ಟ ಕಡತದ ಬಗ್ಗೆ ಮತ್ತೊಬ್ಬರ ಪರ ಸರ್ಕಾರದ ಮುಂದೆ ನಿಲ್ಲಬಾರದೆಂಬ ಶಾಶ್ವತ ನಿಷೇಧ ಅವರಿಗೂ ಇದೆ. ಆದರೆ ಮುಂದೆ ನಿಲ್ಲದೆ, ಹಿಂದಿನಿಂದ ಯಾರನ್ನು ಕಾಣಬೇಕು, ಏನು ಹೇಳಬೇಕು ಎಂದು ಕಂಪನಿಗೆ ಕಲಿಸಿಕೊಡುವುದನ್ನು ಅದು ತಡೆಯುವುದಿಲ್ಲ. ಪರದೇಶದ ಮಂತ್ರಾಲಯದ ಬಾಗಿಲು ತಟ್ಟುವುದು ಅದರ ವ್ಯಾಪ್ತಿಯಲ್ಲೇ ಇಲ್ಲ. ಇನ್ನು ವಿದೇಶಿ ಸರ್ಕಾರದ ಸಂಬಳದ ಮಾತು. ಅಮೆರಿಕದ ಸಂವಿಧಾನವೇ ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಕೆನ್ನುತ್ತದೆ, ಪಿಂಚಣಿ ಪಡೆಯುವ ಸೇನಾಧಿಕಾರಿಗೂ ಇದು ಅನ್ವಯ. 1977ರ ಕಾಯ್ದೆ ಆ ಒಪ್ಪಿಗೆಯ ಅಧಿಕಾರವನ್ನು ಸೇನಾ ವಿಭಾಗದ ಕಾರ್ಯದರ್ಶಿಗೂ ವಿದೇಶಾಂಗ ಕಾರ್ಯದರ್ಶಿಗೂ ಒಪ್ಪಿಸಿತು. ಪೋಸ್ಟ್ ಪತ್ರಿಕೆ ನೋಡಿದ ಅರ್ಜಿಗಳಲ್ಲಿ ಸುಮಾರು 95 ಪ್ರತಿಶತ ಮಂಜೂರಾಗಿದ್ದವು. ನೂರರಲ್ಲಿ ತೊಂಬತ್ತೈದಕ್ಕೆ ಹೂಂಗುಟ್ಟುವ, ಅದನ್ನೂ ಗುಟ್ಟಾಗಿಡುವ ವ್ಯವಸ್ಥೆಯನ್ನು ಪರಿಶೀಲನೆ ಎಂದು ಕರೆಯಲಾಗದು.

ನಾನು ಗೌರವದಿಂದ ಉತ್ತರಿಸಬೇಕಾದ ಆಕ್ಷೇಪ ಹೊಟ್ಟೆಪಾಡಿನದು. ಅಮೆರಿಕದ ಸೇನೆಯಲ್ಲಿ ಮೇಲೇರದವನು ಹೊರಬೀಳಲೇಬೇಕು. 1980ರಲ್ಲಿ ಬಂದ ಅಧಿಕಾರಿ ನಿರ್ವಹಣಾ ಕಾಯ್ದೆಯಂತೆ ಬಡ್ತಿ ಸಿಗದ ಲೆಫ್ಟಿನೆಂಟ್ ಕರ್ನಲ್ ಸೇವೆಯ 28 ವರ್ಷಕ್ಕೆ, ಕರ್ನಲ್ 30 ವರ್ಷಕ್ಕೆ ಸಾಮಾನ್ಯವಾಗಿ ಮನೆಗೆ. ಇಪ್ಪತ್ತು ವರ್ಷಕ್ಕೇ ಬಿಡುವವರೂ ಬಹಳ. ನಲವತ್ತರ ನಡುವಿನಲ್ಲಿ, ಊರೂರು ಅಲೆದ ಸಂಸಾರದ ಜತೆ, ಹೊಸ ವೃತ್ತಿ ಹುಡುಕುವವನಿಗೆ ಇರುವ ಒಂದೇ ಆಸ್ತಿಯನ್ನೂ ಮುಟ್ಟಬೇಡ ಎನ್ನುವುದು ಕ್ರೌರ್ಯವಲ್ಲವೇ? ಅದು ಒಂದೇ ಆಸ್ತಿ ಆಗಿದ್ದರೆ ಕ್ರೌರ್ಯವೇ. ಆದರೆ ಹಾಗೆಂದು ಅವನನ್ನು ನಂಬಿಸಿರುವುದೇ ನಿಜವಾದ ಅನ್ಯಾಯ. ಪರಿಚಯ ಬೇಗ ಹಳಸುತ್ತದೆ. ಅವನು ಬಲ್ಲ ಬ್ರಿಗೇಡಿಯರ್ ಮುಂದಿನ ವರ್ಷ ಗಡಿಗೆ ವರ್ಗವಾಗುತ್ತಾನೆ, ಮಂತ್ರಿ ಚುನಾವಣೆಯಲ್ಲಿ ಸೋಲುತ್ತಾನೆ, ರಾಜಕುಮಾರ ಕೃಪೆ ಕಳೆದುಕೊಳ್ಳುತ್ತಾನೆ. ಬಳಸದ ಸೆಕ್ಯುರಿಟಿ ಕ್ಲಿಯರೆನ್ಸನ್ನು ಸುಲಭವಾಗಿ ಮತ್ತೆ ಚಾಲ್ತಿಗೆ ತರುವ ಅವಕಾಶವೂ ಸಾಮಾನ್ಯವಾಗಿ ಎರಡೇ ವರ್ಷ. ಬಾಗಿಲು ತೆರೆಸಲೆಂದೇ ನೇಮಿಸಿಕೊಂಡ ಕಂಪನಿಗೆ, ಬಾಗಿಲು ತೆರೆಯದ ದಿನ ಅವನಿಂದ ಏನು ಪ್ರಯೋಜನ? ಐವತ್ತು ದಾಟಿದ ಮೇಲೆ ಅವನು ಮತ್ತೆ ಬೀದಿಗೆ ಬರುತ್ತಾನೆ, ಈ ಸಲ ಸೇನೆಯ ನೆರಳೂ ಇಲ್ಲದೆ. ಹಳಸದ ಆಸ್ತಿ ಬೇರೆ ಇದೆ. 64 ವಾರ ಕೂತು ಕಲಿತ ಅರಬ್ಬಿ ಇದೆ. ಒಂದು ಸಮಾಜದಲ್ಲಿ ಅಧಿಕಾರ ನಿಜವಾಗಿ ಎಲ್ಲಿದೆ, ಕಾಗದದ ಮೇಲೆ ಎಲ್ಲಿದೆ ಎಂದು ಬೇರ್ಪಡಿಸಿ ನೋಡುವ ಕಣ್ಣಿದೆ. ಹತ್ತು ಜನರ ಹತ್ತು ಮಾತು ಕೇಳಿ ಬೆಳಗಾಗುವುದರೊಳಗೆ ಎರಡು ಪುಟದ ನಂಬಲರ್ಹ ವರದಿ ಬರೆಯುವ ಕಸುಬು ಕಡಿಮೆ ಕಸುಬಲ್ಲ. ಎರಡು ಇಲಾಖೆ, ಎರಡು ದೇಶ, ನಾಲ್ಕು ಕಾನೂನುಗಳ ನಡುವೆ ಒಂದು ಒಪ್ಪಂದವನ್ನು ಸಹಿಯವರೆಗೆ ತಂದವನು ನಿರಾಶ್ರಿತರ ಪುನರ್ವಸತಿ, ಪ್ರವಾಹ ಪರಿಹಾರ, ಬಂದರು ಆಡಳಿತ, ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗ, ಯಾವುದನ್ನಾದರೂ ನಡೆಸಬಲ್ಲ. ರಕ್ಷಣಾ ಕಂಪನಿಗೇ ಹೋಗಬೇಕೆಂದಿದ್ದರೂ ರಫ್ತು ನಿಯಂತ್ರಣ ಕಾನೂನಿನ ಪಾಲನೆ ನೋಡುವ ವಿಭಾಗವಿದೆ. ಅಲ್ಲಿ ಅವನು ಮಾರುವುದು ತನ್ನ ತಿಳಿವಳಿಕೆಯನ್ನು, ಯಾರದೋ ಬಾಗಿಲನ್ನಲ್ಲ. ನನ್ನ ತಕರಾರು ಕಂಪನಿಯ ಮೇಲಲ್ಲ, ಸರಕಿನ ಮೇಲೆ.

ವಕೀಲ ಕಕ್ಷಿದಾರರನ್ನು ಒಯ್ಯುವುದಿಲ್ಲವೇ, ವೈದ್ಯ ರೋಗಿಗಳನ್ನು ಒಯ್ಯುವುದಿಲ್ಲವೇ ಎಂಬ ಹೋಲಿಕೆಯನ್ನು ಬಹಳ ಹೊತ್ತು ಚರ್ಚಿಸಬೇಕಿಲ್ಲ. ಕಕ್ಷಿದಾರ ತನ್ನಿಷ್ಟದಿಂದ ವಕೀಲನ ಹಿಂದೆ ಹೋಗುತ್ತಾನೆ, ತನ್ನದೇ ಹಣ ಕೊಡುತ್ತಾನೆ. ಇಲ್ಲಿ ಪರಿಚಯ ಬೆಳೆದದ್ದು ತೆರಿಗೆಯ ಹಣದಲ್ಲಿ, ರಾಷ್ಟ್ರದ ಹೆಸರಿನಲ್ಲಿ. ಇದಕ್ಕಿಂತ ತೂಕದ ಆಕ್ಷೇಪವೆಂದರೆ, ಹೀಗೆ ಕಟ್ಟಿಹಾಕಿದರೆ ದೇಶ ಅಪರೂಪದ ಜ್ಞಾನ ಕಳೆದುಕೊಳ್ಳುತ್ತದೆ ಎಂಬುದು. ಜ್ಞಾನ ಸಾರ್ವಜನಿಕ ಬದುಕಿನಲ್ಲೇ ಉಳಿಯುವ ದಾರಿಗೆ ಕಾರ್ಲ್ ಐಕನ್‌ಬೆರಿ ಒಳ್ಳೆಯ ನಿದರ್ಶನ. ಚೀನಿ ಭಾಷೆ ಕಲಿತು ಬೀಜಿಂಗ್‌ನಲ್ಲಿ ಅಟಾಶೆಯಾಗಿದ್ದ, ಅಫ್ಘಾನಿಸ್ತಾನದಲ್ಲಿ ಸೇನೆ ನಡೆಸಿದ ಈ ಜನರಲ್ 2009ರಲ್ಲಿ ನಿವೃತ್ತರಾಗಿ ಅದೇ ವರ್ಷ ಕಾಬೂಲಿಗೆ ರಾಯಭಾರಿಯಾಗಿ ಹೋದರು, ಸೆನೆಟ್‌ನ ಒಪ್ಪಿಗೆ ಪಡೆದು. ಆ ನವೆಂಬರಿನಲ್ಲಿ ಅವರು ವಾಷಿಂಗ್ಟನ್ನಿಗೆ ಬರೆದ ಗುಪ್ತ ಸಂದೇಶಗಳು ಸೋರಿ ಹೊರಬಂದಾಗ ಗೊತ್ತಾಯಿತು, ಹೆಚ್ಚುವರಿ ಪಡೆ ಕಳಿಸುವ ಸೇನೆಯ ಯೋಜನೆಯನ್ನು ತಮ್ಮ ಹಳೆಯ ಸಹೋದ್ಯೋಗಿಗಳಿಗೆ ಎದುರಾಗಿಯೇ ಅವರು ಸಂದೇಹಿಸಿದ್ದರು. ಆ ಬಳಿಕ ಸ್ಟ್ಯಾನ್‌ಫರ್ಡ್‌ನಲ್ಲಿ ಕಲಿಸಿದರು. ಅವರ ತೀರ್ಮಾನ ಸರಿಯೋ ತಪ್ಪೋ ಬೇರೆ ಮಾತು. ಅದನ್ನು ಹೇಳುವ ಸ್ವಾತಂತ್ರ್ಯ ಅವರಿಗಿತ್ತು. ಇದಕ್ಕೆ ತದ್ವಿರುದ್ಧ ಚಿತ್ರ 2008ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆ ತಂದದ್ದು. ಇರಾಕ್ ಯುದ್ಧದ ಬಗ್ಗೆ ದೂರದರ್ಶನ ವಾಹಿನಿಗಳಲ್ಲಿ ಸ್ವತಂತ್ರ ವಿಶ್ಲೇಷಕರಂತೆ ಮಾತಾಡುತ್ತಿದ್ದ ನಿವೃತ್ತ ಅಧಿಕಾರಿಗಳಿಗೆ ಪೆಂಟಗನ್ ಮಾತುಗಳನ್ನು ಒದಗಿಸುತ್ತಿತ್ತು, ಅವರಲ್ಲಿ ಅನೇಕರಿಗೆ ಗುತ್ತಿಗೆದಾರ ಕಂಪನಿಗಳ ನಂಟಿತ್ತು, ನೋಡುವವರಿಗೆ ಎರಡೂ ತಿಳಿದಿರಲಿಲ್ಲ. ಪೇಟೆಗೆ ಹೋದ ಜ್ಞಾನ ದೇಶಕ್ಕೆ ಉಳಿಯುತ್ತದೆ ಎನ್ನುವವರು ಈ ವರದಿಯನ್ನು ಓದಬೇಕು.

ಇದು ಅಮೆರಿಕದವರ ತಲೆನೋವು, ಕನ್ನಡಿಗನಿಗೇನು ಎಂದು ಕೇಳಬಹುದು. ಪರಿಚಯ ಮಾರಾಟವಾಗುವಾಗ ಆ ಕಡೆಯ ಹೆಸರು ನಮ್ಮವರದೂ ಆಗಿರಬಹುದು. ಭಾರತ-ಅಮೆರಿಕ ನಡುವೆ 2002, 2016, 2018, 2020ರಲ್ಲಿ ನಾಲ್ಕು ಮೂಲಭೂತ ಸೈನಿಕ ಒಪ್ಪಂದಗಳಾದವು. 2024ರ ಅಕ್ಟೋಬರಿನಲ್ಲಿ 31 ಎಂಕ್ಯೂ-9ಬಿ ಡ್ರೋನುಗಳ ಖರೀದಿಗೆ ಸಹಿ ಬಿತ್ತು. 1996ರಿಂದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವೈಮಾನಿಕ ಪ್ರದರ್ಶನಕ್ಕೆ ಅಮೆರಿಕದ ಕಂಪನಿಗಳು ಬರುತ್ತವೆ, ಅವುಗಳ ಸರಕು ಎಚ್‌ಎಎಲ್‌ನ ಅಂಗಳಕ್ಕೂ ಬರುತ್ತದೆ. ನಮ್ಮ ಅಧಿಕಾರಿ ಎದುರಿನವನೊಡನೆ ದೇಶದ ಪ್ರತಿನಿಧಿಯೆಂದು ನಂಬಿ ಆಡಿದ ಮಾತು ಮೂರು ವರ್ಷದ ಬಳಿಕ ಕಂಪನಿಯೊಂದರ ದರಪಟ್ಟಿಯ ತಂತ್ರವಾಗಿ ತಿರುಗಿ ಬರುವುದಾದರೆ, ಮುಂದಿನ ಅಟಾಶೆಯೊಡನೆ ಅವನು ಮಾತೇ ಆಡುವುದಿಲ್ಲ. ನಂಬಿಕೆ ಒಣಗುವುದು ಹೀಗೆ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಒಂದು ದೇಶದಲ್ಲಿ ಅಟಾಶೆಯಾಗಿ, ಭದ್ರತಾ ಸಹಕಾರದ ಅಧಿಕಾರಿಯಾಗಿ ಕೆಲಸ ಮಾಡಿದವರು, ದರ್ಜೆ ಯಾವುದಿದ್ದರೂ, ಬಿಟ್ಟ ಮೇಲೆ ಕನಿಷ್ಠ ಎರಡು ವರ್ಷ ಆ ದೇಶದ ಸರ್ಕಾರಕ್ಕಾಗಲಿ ಆ ದೇಶಕ್ಕೆ ಮಾರುವ ಕಂಪನಿಯ ಆ ವ್ಯವಹಾರಕ್ಕಾಗಲಿ ದುಡಿಯಬಾರದು, ತೆರೆಯ ಹಿಂದೆಯೂ. ಉಳಿದ ಲೋಕವೆಲ್ಲ ಅವರಿಗೆ ತೆರೆದಿರಲಿ. ಸೇವೆಯ ಕೊನೆಯ 180 ದಿನಗಳವರೆಗೆ ಸೇನೆಯ ಸಂಬಳದಲ್ಲೇ ಖಾಸಗಿ ಕಂಪನಿಯಲ್ಲಿ ಕೆಲಸ ಕಲಿಯಲು ಬಿಡುವ ಸ್ಕಿಲ್‌ಬ್ರಿಜ್ ಯೋಜನೆ ಸಾಮಾನ್ಯ ಸೈನಿಕನಿಗೆ ದೊಡ್ಡ ಉಪಕಾರ, ಅದು ಇರಬೇಕು. ಆದರೆ ಈ ವರ್ಗದ ಅಧಿಕಾರಿಗಳನ್ನು ಶಸ್ತ್ರ ಮಾರಾಟಗಾರರ ಬದಲು ನಗರಾಡಳಿತ, ಆಸ್ಪತ್ರೆ, ಶಾಲೆ, ಪರಿಹಾರ ಸಂಸ್ಥೆಗಳತ್ತ ಕಳಿಸಲಿ. ವಿದೇಶಾಂಗ ಸೇವೆಗೆ ಅರವತ್ತರೊಳಗೆ ಸೇರಲು ಅವಕಾಶವಿದೆ. ನಲವತ್ತೈದರಲ್ಲಿ ಸೇನೆ ಬಿಡುವವರಿಗೆ ಆ ಬಾಗಿಲು ಅಗಲವಾಗಲಿ, ಏಕೆಂದರೆ ಅವರಿಗೆ ಕಲಿಸಿದ ಖರ್ಚು ಆಗಲೇ ಆಗಿಹೋಗಿದೆ. ಹಾಗೆಯೇ ವಿದೇಶಿ ಸರ್ಕಾರದ ನೌಕರಿಗೆ ಕೊಟ್ಟ ಪ್ರತಿ ಅನುಮತಿಯೂ, ಹೆಸರು, ದೇಶ, ಸಂಬಳದ ಸಮೇತ, ಕೊಟ್ಟ ದಿನವೇ ಪ್ರಕಟವಾಗಬೇಕು. ಇದು ಖಾಸಗಿತನದ ಉಲ್ಲಂಘನೆ ಎಂದು ಅಮೆರಿಕ ಸರ್ಕಾರ ನ್ಯಾಯಾಲಯದಲ್ಲಿ ವಾದಿಸಿತ್ತು. ಜನರ ಹಣದಿಂದ ಪಿಂಚಣಿ ಪಡೆಯುತ್ತ, ಬೇಕಾದರೆ ಮತ್ತೆ ಸೇವೆಗೆ ಕರೆಸಿಕೊಳ್ಳಬಹುದಾದ ಸ್ಥಿತಿಯಲ್ಲಿರುವ ಅಧಿಕಾರಿ ಮತ್ತೊಂದು ಸರ್ಕಾರದ ಸಂಬಳ ತೆಗೆದುಕೊಳ್ಳುವುದು ಖಾಸಗಿ ವಿಷಯವಲ್ಲ. ಆ ಪಟ್ಟಿಯನ್ನು ಓದುವ ಹಕ್ಕು ಅವನಿಗೆ ಪಿಂಚಣಿ ಕೊಡುವ ನಾಗರಿಕರಿಗೂ ಇದೆ, ಅವನನ್ನು ನಂಬಿ ಮಾತಾಡಿದ ದೇಶದ ಜನರಿಗೂ ಇದೆ.